ಮಿಡತೆಯ ಹೆಸರಿನಲ್ಲಿ ಉಳಿದ ವಿಜ್ಞಾನಿ: ಲೆಸ್ಲಿ ಕೋಲ್ಮನ್



ನಿಮ್ಮ ಶಾಲೆಯ ಕೈತೋಟದಲ್ಲಿ ದಾಸವಾಳದ ಗಿಡವಿದೆಯೇ? ದಾಸವಾಳವಿಲ್ಲದಿದ್ದರೆ ಬದನೆ, ಅವರೆ, ಕರಿಬೇವು, ನಿಂಬೆ ಇವುಗಳಲ್ಲಿ ಯಾವುದಾದರೊಂದು ಇದ್ದೇ ಇರುತ್ತದೆ. ಅದರ ಒಂದು ಎಲೆಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಹತ್ತಿಯ ಚೂರಿನಂತಹ ಬಿಳಿ ಮುದ್ದೆ ಕಾಣಬಹುದು. ಸಾಸಿವೆಗಿಂತ ಚಿಕ್ಕದಾದ ಹಸಿರು ಹುಳುಗಳ ಗುಂಪು ಕಾಣಬಹುದು. ಎಲೆಯ ನರಕ್ಕೆ ಅಂಟಿಕೊಂಡ, ಸ್ವಲ್ಪವೂ ಅಲ್ಲಾಡದ ಚಪ್ಪಟೆ ಚುಕ್ಕೆಗಳೂ ಕಾಣಬಹುದು. ಇವುಗಳನ್ನು ಕಂಡ ಕೂಡಲೇ ಔಷಧಿ ಹೊಡೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಇವು ಯಾವ ಹುಳು, ಏನು ತಿನ್ನುತ್ತವೆ, ಎಲ್ಲಿ ಮೊಟ್ಟೆ ಇಡುತ್ತವೆ ಎಂದು ಕೇಳುವವರು ಕಡಿಮೆ.

ಸುಮಾರು ನೂರು ವರ್ಷಗಳಿಗೂ ಹಿಂದೆ ನಮ್ಮ ನಾಡಿಗೆ ಬಂದು, ಈ ಪ್ರಶ್ನೆಗಳನ್ನೇ ಕೇಳುತ್ತಾ ಹೊಲ, ತೋಟಗಳಲ್ಲಿ ಕೆಲಸ ಮಾಡಿದ ವಿಜ್ಞಾನಿಯೊಬ್ಬರಿದ್ದರು. ಅವರ ಹೆಸರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಜೋಳ, ಅಡಿಕೆ, ಕಾಫಿ, ಕಬ್ಬು ಈ ನಾಲ್ಕೂ ಬೆಳೆಗಳ ಕಥೆಯಲ್ಲಿ ಅವರ ಹೆಸರು ಬರುತ್ತದೆ. ಅವರ ಬದುಕನ್ನು ಈಗ ತಿಳಿಯೋಣ.

ಕೆನಡಾದಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ. ಭೂಪಟದಲ್ಲಿ ಉತ್ತರ ಅಮೆರಿಕ ಖಂಡವನ್ನು ಹುಡುಕಿ, ಅದರ ಮೇಲ್ಭಾಗದಲ್ಲಿ ಹರಡಿರುವ ದೊಡ್ಡ ದೇಶವೇ ಕೆನಡಾ. ಚಳಿಗಾಲದಲ್ಲಿ ಹಿಮ ಬೀಳುವ ನಾಡು ಅದು. ಅಲ್ಲಿನ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿದ ಕೋಲ್ಮನ್, ಹೆಚ್ಚಿನ ಓದಿಗಾಗಿ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಅಭ್ಯಾಸ ಮಾಡಿದ್ದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು. ಮಣ್ಣಿನಲ್ಲಿರುವ ಸಾರಜನಕದ ಅಂಶವನ್ನು ಗಿಡಗಳು ಹೀರಿಕೊಳ್ಳಬಲ್ಲ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳ ಬಗ್ಗೆ ಅವರು ಬರೆದ ಪ್ರಬಂಧ 1908ರಲ್ಲಿ ಪ್ರಕಟವಾಯಿತು.

ಅದೇ 1908ರಲ್ಲಿ ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಸೇರಿದರು. ಆಗ ಅವರ ವಯಸ್ಸು 30. ಒಬ್ಬರಿಗೇ ಎರಡು ಹುದ್ದೆ! ಗಿಡಗಳಿಗೆ ರೋಗ ತರುವ ಶಿಲೀಂಧ್ರಗಳನ್ನು ಅಭ್ಯಾಸ ಮಾಡುವ ಶಿಲೀಂಧ್ರ ವಿಜ್ಞಾನಿಯೂ ಅವರೇ, ಗಿಡಗಳನ್ನು ತಿನ್ನುವ ಕೀಟಗಳನ್ನು ಅಭ್ಯಾಸ ಮಾಡುವ ಕೀಟ ವಿಜ್ಞಾನಿಯೂ ಅವರೇ. ಇದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಏಕೆಂದರೆ ಬಾಡಿದ ಗಿಡವನ್ನು ನೋಡಿದಾಗ ಮೊದಲು ಏಳುವ ಪ್ರಶ್ನೆ, ಇದು ಹುಳುವಿನ ಕೆಲಸವೋ ರೋಗದ ಕೆಲಸವೋ ಎಂಬುದು. ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಮುಂದಿನ ಉಪಾಯವೆಲ್ಲ ತಪ್ಪುತ್ತದೆ.

ಆ ಕಾಲದಲ್ಲಿ ನಮ್ಮ ಜಮಖಂಡಿ, ಮುಧೋಳ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಜಮಖಂಡಿಯನ್ನು ಪಟವರ್ಧನ ಮನೆತನ ಆಳುತ್ತಿತ್ತು, ಮುಧೋಳವನ್ನು ಘೋರ್ಪಡೆ ಮನೆತನ ಆಳುತ್ತಿತ್ತು. ಆದರೆ ಹುಳುಗಳಿಗೆ ಸಂಸ್ಥಾನದ ಗಡಿ ಗೊತ್ತಿರುವುದಿಲ್ಲ. ಕೋಲ್ಮನ್ ಅಭ್ಯಾಸ ಮಾಡಿದ ಒಂದು ಕೀಟ ನಮ್ಮ ಬಯಲು ಸೀಮೆಯ ಜೋಳಕ್ಕೂ ಶತ್ರುವೇ ಆಗಿತ್ತು.

ರೆಕ್ಕೆ ಇಲ್ಲದ ಮಿಡತೆ

ದಖ್ಖನ್ ಪ್ರಸ್ಥಭೂಮಿಯ ಜೋಳದ ಹೊಲಗಳಲ್ಲಿ ಒಂದು ವಿಚಿತ್ರ ಮಿಡತೆ ಇದೆ. ಬೆಳೆದು ದೊಡ್ಡದಾದರೂ ಇದಕ್ಕೆ ಹಾರಲು ರೆಕ್ಕೆ ಬರುವುದಿಲ್ಲ! ಹೊಲದಿಂದ ಹೊಲಕ್ಕೆ ಇದು ನಡೆದು, ಜಿಗಿದು ಹೋಗಬೇಕು. ಹಾಗಿದ್ದರೂ ಕೆಲವು ವರ್ಷ ಇದರ ಸಂಖ್ಯೆ ಎಷ್ಟು ಹೆಚ್ಚುತ್ತಿತ್ತೆಂದರೆ, ರೈತರು ವರ್ಷದ ರೊಟ್ಟಿಗೆಂದು ಬಿತ್ತಿದ ಜೋಳ ಕೈಗೆ ಬರುತ್ತಿರಲಿಲ್ಲ. ಜೋಳ ಬರದಿದ್ದರೆ ಮನೆಯವರಿಗೆ ರೊಟ್ಟಿಯಿಲ್ಲ, ದನಗಳಿಗೆ ಕಣಿಕೆಯಿಲ್ಲ.

ಕೋಲ್ಮನ್ ಈ ಮಿಡತೆಯ ಜೀವನಚಕ್ರವನ್ನು ಅಭ್ಯಾಸ ಮಾಡಿದರು. ಮುಂಗಾರು ಮಳೆ ಬಿದ್ದಾಗ ಮಣ್ಣಿನಲ್ಲಿರುವ ಮೊಟ್ಟೆಗಳು ಒಡೆದು ಮರಿಗಳು ಹೊರಬರುತ್ತವೆ. ಮರಿಗಳು ಎಳೆಯ ಪೈರನ್ನು ತಿಂದು, ಹಲವು ಬಾರಿ ಪೊರೆ ಬಿಟ್ಟು ಬೆಳೆಯುತ್ತವೆ. ಬೆಳೆದ ಹೆಣ್ಣು ಮಿಡತೆ ಹಂಗಾಮಿನ ಕೊನೆಗೆ ಮಣ್ಣಿನೊಳಗೆ ಮೊಟ್ಟೆ ಇಟ್ಟು ಸಾಯುತ್ತದೆ. ಮುಂದಿನ ಮಳೆಗಾಲದವರೆಗೆ ಮೊಟ್ಟೆಗಳು ಮಣ್ಣಿನಲ್ಲೇ ಇರುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ.

ಮಕ್ಕಳೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಈ ಮಿಡತೆಗೆ ರೆಕ್ಕೆ ಇಲ್ಲ, ವರ್ಷಕ್ಕೆ ಒಂದೇ ಸಲ ಮರಿ ಮಾಡುತ್ತದೆ, ಮೊಟ್ಟೆ ಮಣ್ಣಿನಲ್ಲಿ ಇರುತ್ತದೆ. ಇಷ್ಟು ಗೊತ್ತಾದರೆ ನೀವೇ ಉಪಾಯ ಹೇಳಬಲ್ಲಿರಿ. ಮರಿಗಳು ಚಿಕ್ಕವಿದ್ದಾಗಲೇ ಬಟ್ಟೆಯ ಬಲೆಯನ್ನು ಪೈರಿನ ಮೇಲೆ ಎಳೆದು ಹಿಡಿದರೆ, ಅವು ಹಾರಿ ತಪ್ಪಿಸಿಕೊಳ್ಳಲಾರವು. ಒಂದು ವರ್ಷ ಚೆನ್ನಾಗಿ ಹಿಡಿದರೆ ಆ ಹೊಲದ ಮಣ್ಣಿಗೆ ಸೇರುವ ಮೊಟ್ಟೆಗಳೇ ಕಡಿಮೆಯಾಗುತ್ತವೆ. ಮಾಗಿ ಉಳುಮೆ ಮಾಡಿದರೆ ಮಣ್ಣಿನೊಳಗಿನ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳಿಗೆ ಆಹಾರವಾಗುತ್ತವೆ. ಇದಕ್ಕೆ ವಿಷ ಬೇಕಿಲ್ಲ. ಬೇಕಾದದ್ದು ಸರಿಯಾದ ಸಮಯ, ಮತ್ತು ಅಕ್ಕಪಕ್ಕದ ಹೊಲದವರೆಲ್ಲ ಕೂಡಿ ಮಾಡುವ ಕೆಲಸ.

1910ರಲ್ಲಿ ಸ್ಪೇನ್ ದೇಶದ ಕೀಟ ವಿಜ್ಞಾನಿ ಬೊಲಿವಾರ್ ಈ ಮಿಡತೆಗೆ ವೈಜ್ಞಾನಿಕ ಹೆಸರು ಇಟ್ಟರು. ಕೋಲ್ಮನ್ ಅವರ ಗೌರವಕ್ಕಾಗಿ ಅದನ್ನು ಕೋಲ್ಮನಿಯಾ ಸ್ಫೆನಾರಿಯಾಯ್ಡಿಸ್ ಎಂದು ಕರೆದರು. ಹೀಗೆ ಕೆನಡಾದ ವಿಜ್ಞಾನಿಯ ಹೆಸರು ನಮ್ಮ ಜೋಳದ ಹೊಲದ ಮಿಡತೆಗೆ ಅಂಟಿಕೊಂಡಿತು.

ಹುಳುವಲ್ಲ, ರೋಗ!

ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೇರೆಯೇ ತೊಂದರೆ ಇತ್ತು. ಜೋರು ಮಳೆಗಾಲದಲ್ಲಿ ಎಳೆಯ ಅಡಿಕೆಕಾಯಿಗಳು ಕೊಳೆತು ಉದುರುತ್ತಿದ್ದವು. ಜನ ಇದನ್ನು ಕೊಳೆರೋಗ ಎಂದು ಕರೆಯುತ್ತಿದ್ದರು. ಮಳೆ ನೀರು ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು ಅಲ್ಲಿನ ಹಳೆಯ ಪದ್ಧತಿ. ಎತ್ತರದ ಮರ ಹತ್ತಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುವುದು ಕಷ್ಟದ ಕೆಲಸ.

ಕೋಲ್ಮನ್ ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಇದು ಕೀಟದ ಕೆಲಸವಲ್ಲ, ಫೈಟಾಫ್ತೊರಾ ಎಂಬ ಶಿಲೀಂಧ್ರದಂತಹ ಸೂಕ್ಷ್ಮಜೀವಿಯ ಕೆಲಸ ಎಂದು 1910ರಲ್ಲಿ ಪ್ರಕಟಿಸಿದರು. ಇದರ ಬೀಜಕಣಗಳು ಮಳೆಹನಿಯ ಜೊತೆ ಸಿಡಿದು ಕಾಯಿಂದ ಕಾಯಿಗೆ ಹರಡುತ್ತವೆ. ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬಳಕೆಯಲ್ಲಿದ್ದ ಬೋರ್ಡೊ ದ್ರಾವಣವನ್ನು ಅವರು ಅಡಿಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿ ಮಾಡುವ ತಿಳಿನೀಲಿ ದ್ರಾವಣ ಇದು. ರೋಗ ಬಂದ ಮೇಲೆ ಸಿಂಪಡಿಸಿದರೆ ಕೊಳೆತ ಕಾಯಿ ಸರಿಹೋಗುವುದಿಲ್ಲ, ಮಳೆ ಹಿಡಿಯುವ ಮೊದಲೇ ಗೊನೆಗೆ ಈ ದ್ರಾವಣದ ಹೊದಿಕೆ ಬೀಳಬೇಕು. ಇಂದಿಗೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೊ ಸಿಂಪಡಿಸುತ್ತಾರೆ. ಕೊಳೆರೋಗಕ್ಕೆ ಹುಳುವಿನ ಔಷಧಿ ಹೊಡೆದಿದ್ದರೆ ಏನಾಗುತ್ತಿತ್ತು? ಹಣವೂ ಹೋಗುತ್ತಿತ್ತು, ಅಡಿಕೆಯೂ ಹೋಗುತ್ತಿತ್ತು.

ಕಾಫಿ ಗಿಡದ ಹಸಿರು ಚುಕ್ಕೆ

ಈಗ ನಮ್ಮ ಕೈತೋಟದ ಹುಳುಗಳಿಗೆ ತೀರ ಹತ್ತಿರದ ಕಥೆ. ಕಾಫಿ ತೋಟಗಳಿಗೆ ಹಸಿರು ಶಲ್ಕ ಕೀಟ ಎಂಬ ಪುಟ್ಟ ಕೀಟ ಮುತ್ತಿತ್ತು. ಶಲ್ಕ ಎಂದರೆ ಮೀನಿನ ಮೈಮೇಲಿನ ಹುರುಪೆ. ಅದೇ ರೀತಿ ಈ ಕೀಟ ಎಲೆಯ ನರಕ್ಕೆ, ಎಳೆಯ ಕಡ್ಡಿಗೆ ಚಪ್ಪಟೆಯಾಗಿ ಅಂಟಿಕೊಂಡು ಕೂಡುತ್ತದೆ. ಕಾಲುಗಳು ಮೇಲಿನಿಂದ ಕಾಣುವುದೇ ಇಲ್ಲ. ಆಗ ತಾನೇ ಹುಟ್ಟಿದ ಮರಿಗಳು ಮಾತ್ರ ಹರಿದಾಡಿ ಜಾಗ ಹುಡುಕುತ್ತವೆ. ಆಮೇಲೆ ಸೂಜಿಯಂತಹ ಬಾಯಿಯನ್ನು ಎಲೆಯೊಳಗೆ ಚುಚ್ಚಿ ರಸ ಹೀರುತ್ತಾ ಕೂತರೆ, ಹೆಚ್ಚು ಕಡಿಮೆ ಅಲ್ಲೇ ಬಾಳ್ವೆ.

ಕೋಲ್ಮನ್ ಮತ್ತು ಅವರ ಸಹೋದ್ಯೋಗಿ ಕೆ. ಕುಂಞಿಕಣ್ಣನ್ ಕೂಡಿ ದಕ್ಷಿಣ ಭಾರತದ ಕಾಫಿಯ ಶಲ್ಕ ಕೀಟಗಳ ಬಗ್ಗೆ ಅಭ್ಯಾಸ ನಡೆಸಿ, 1918ರಲ್ಲಿ ಪುಸ್ತಿಕೆಯನ್ನು ಪ್ರಕಟಿಸಿದರು. ಕುಂಞಿಕಣ್ಣನ್ ಮೈಸೂರು ಕೃಷಿ ಇಲಾಖೆಯಲ್ಲಿ ಕೀಟ ವಿಜ್ಞಾನಿಯಾಗಿ ಹೆಸರು ಮಾಡಿದವರು.

ಶಲ್ಕ ಕೀಟ ಇರುವ ಗಿಡದಲ್ಲಿ ಇರುವೆಗಳೂ ಓಡಾಡುತ್ತಿರುತ್ತವೆ. ಏಕೆ? ಗಿಡದ ರಸದಲ್ಲಿ ಸಕ್ಕರೆ ಬಹಳ, ಪ್ರೋಟೀನಿಗೆ ಬೇಕಾದ ಅಂಶ ಕಡಿಮೆ. ಆದ್ದರಿಂದ ಕೀಟ ತುಂಬಾ ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಸಿಹಿ ಅಂಟಿನ ರೂಪದಲ್ಲಿ ಹೊರಹಾಕುತ್ತದೆ. ಇರುವೆಗಳಿಗೆ ಅದೇ ಹಬ್ಬದೂಟ. ಊಟ ಕೊಡುವ ಕೀಟವನ್ನು ಇರುವೆಗಳು ಕಾಯುತ್ತವೆ, ಅದನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತವೆ. ಸಿಹಿ ಅಂಟು ಬಿದ್ದ ಎಲೆಯ ಮೇಲೆ ಮಸಿಯಂತಹ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ತಾಗದಂತೆ ಮಾಡುತ್ತದೆ. ಹೀಗೆ ಒಂದು ಕೀಟದ ಹಿಂದೆ ಇರುವೆ, ಬೂಷ್ಟು ಎಲ್ಲವೂ ಸಾಲಾಗಿ ಬರುತ್ತವೆ. ಇರುವೆಗಳನ್ನು ಗಿಡದಿಂದ ದೂರ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಆ ಕಾಲದಲ್ಲಿ ಇಂತಹ ಕೀಟಗಳಿಗೆ ಮೀನೆಣ್ಣೆಯಿಂದ ಮಾಡಿದ ಸಾಬೂನಿನ ನೀರನ್ನು ಸಿಂಪಡಿಸುತ್ತಿದ್ದರು. ಸಾಬೂನು ಕೀಟದ ಮೈಮೇಲಿನ ಮೇಣವನ್ನು ತೊಳೆದು, ಮೈ ಒಣಗುವಂತೆ ಮಾಡುತ್ತದೆ. ಇನ್ನೊಂದು ಸಹಾಯ ಪ್ರಕೃತಿಯಿಂದಲೇ ದೊರೆಯುತ್ತದೆ. ಮಳೆಗಾಲದಲ್ಲಿ ಒಂದು ಬಿಳಿ ಶಿಲೀಂಧ್ರ ಶಲ್ಕ ಕೀಟದ ಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ. ಸತ್ತ ಕೀಟದ ಸುತ್ತ ಚಂದ್ರನ ಸುತ್ತಲಿನ ಕಣದಂತೆ ಬಿಳಿ ಉಂಗುರ ಕಾಣುತ್ತದೆ.

ಸಂಸ್ಥೆ ಕಟ್ಟಿದ ಕೈಗಳು

ಮುಂದೆ ಕೋಲ್ಮನ್ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದೇ ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜು ಬಂತು, ಆಮೇಲೆ ಕೃಷಿ ವಿಶ್ವವಿದ್ಯಾಲಯ ಬೆಳೆಯಿತು. 1925ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮಂಡ್ಯದ ಸುತ್ತ ನಾಲೆಯ ನೀರು ಹರಿದಾಗ ಅಲ್ಲಿ ಕಬ್ಬು ಬೆಳೆಸಲು, 1933ರಲ್ಲಿ ಸಕ್ಕರೆ ಕಾರ್ಖಾನೆ ಬರಲು ಅವರು ಶ್ರಮಿಸಿದರು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. 1954ರಲ್ಲಿ ತೀರಿಕೊಂಡರು. ಬದುಕಿನ 26 ವರ್ಷಗಳನ್ನು ಅವರು ನಮ್ಮ ನಾಡಿನ ಬೆಳೆಗಳ ನಡುವೆ ಕಳೆದಿದ್ದರು.

ನಮ್ಮ ಕಬ್ಬಿನಲ್ಲೇ ನಡೆದ ಪಾಠ

ಅವರು ಹೋಗಿ ಎಷ್ಟೋ ವರ್ಷಗಳ ನಂತರ, ಅವರು ನೋಡಿದಂತಹುದೇ ಕಥೆ ನಮ್ಮ ಹೊಲಗಳಲ್ಲಿ ನಡೆಯಿತು. 2002ರಲ್ಲಿ ಮಹಾರಾಷ್ಟ್ರದ ಸಾಂಗಲಿ ಕಡೆಯಲ್ಲಿ ಕಾಣಿಸಿದ ಬಿಳಿ ಉಣ್ಣೆ ಹೇನು ಕೆಲವೇ ತಿಂಗಳಲ್ಲಿ ಉತ್ತರ ಕರ್ನಾಟಕದ ಕಬ್ಬಿಗೆ ಹರಡಿತು. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ನಾಡು ನಮ್ಮದು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಎಲೆಯ ಅಡಿಯಲ್ಲಿ ಉಣ್ಣೆ ಹಾಸಿದಂತೆ ಬಿಳಿ ಹುಳು, ಕೆಳಗಿನ ಎಲೆಯ ಮೇಲೆ ಅಂಟು, ಅದರ ಮೇಲೆ ಕಪ್ಪು ಮಸಿ. ಹೊಲಕ್ಕೆ ಹೋಗಿ ಬಂದವರ ಬಟ್ಟೆಯೆಲ್ಲ ಬಿಳಿಯಾಗುತ್ತಿತ್ತು. ಸಾಲ ಮಾಡಿ ಕಬ್ಬು ನೆಟ್ಟವರಿಗೆ ನಿದ್ದೆ ಬರಲಿಲ್ಲ. ಆಳೆತ್ತರ ಬೆಳೆದ ಕಬ್ಬಿನ ಒಳಗೆ ಹೋಗಿ ವಿಷ ಸಿಂಪಡಿಸುವುದು ಸುಲಭವೂ ಅಲ್ಲ, ಸಿಂಪಡಿಸುವವರಿಗೆ ಕ್ಷೇಮವೂ ಅಲ್ಲ.

ಆಗ ವಿಜ್ಞಾನಿಗಳು ಎಲೆಗಳನ್ನು ತಿರುಗಿಸಿ ನೋಡಿದರು. ಬಿಳಿ ಹೇನುಗಳ ನಡುವೆ ಬೇರೆ ಹುಳುಗಳೂ ಇದ್ದವು. ಒಂದು ಡೈಫಾ ಎಂಬ ಪತಂಗದ ಮರಿಹುಳು. ಮರಿಹುಳುಗಳೆಂದರೆ ಎಲೆ ತಿನ್ನುವವು ಎಂದು ನಾವು ತಿಳಿದಿದ್ದೇವೆ, ಇದು ಹೇನುಗಳನ್ನು ತಿನ್ನುತ್ತದೆ! ಇನ್ನೊಂದು ಮೈಕ್ರೋಮಸ್ ಎಂಬ ಕಂದು ರೆಕ್ಕೆಯ ಕೀಟ. ಇವು ಹೆಚ್ಚಾಗಿರುವ ಹೊಲದ ಎಲೆಗಳನ್ನು ತಂದು ಹೇನು ಇರುವ ಹೊಲದಲ್ಲಿ ಬಿಡಲಾಯಿತು. ಈ ಮಿತ್ರ ಕೀಟಗಳು ಹೆಚ್ಚಿದಂತೆ ಉಣ್ಣೆ ಹೇನು ಹತೋಟಿಗೆ ಬಂತು. ಮಿತ್ರ ಕೀಟಗಳಿದ್ದ ಹೊಲಕ್ಕೆ ವಿಷ ಹೊಡೆದಿದ್ದರೆ ಅವೂ ಸಾಯುತ್ತಿದ್ದವು.

2008ರಲ್ಲಿ ತಮಿಳುನಾಡಿನ ಕೊಯಮತ್ತೂರಿನಲ್ಲಿ ಕಾಣಿಸಿ ನೆರೆ ರಾಜ್ಯಗಳಿಗೂ ಹರಡಿದ ಪಪ್ಪಾಯಿ ಹಿಟ್ಟು ತಿಗಣೆಯದೂ ಇದೇ ಕಥೆ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಅತಿ ಚಿಕ್ಕ ಪರತಂತ್ರ ಕಣಜಗಳನ್ನು ಬಿಟ್ಟಾಗ ಅದು ಹತೋಟಿಗೆ ಬಂತು. ಈ ಕೆಲಸವನ್ನು ಮುಂದೆ ನಿಂತು ನಡೆಸಿದ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಇರುವುದೂ ಹೆಬ್ಬಾಳದಲ್ಲೇ.

ನಿಮ್ಮ ಕೈತೋಟದಲ್ಲಿ ಗುರುತಿಸಿ

ಒಂದು ಭೂತಗನ್ನಡಿ ತೆಗೆದುಕೊಂಡು ಎಲೆಯ ಅಡಿಭಾಗ, ಎಳೆಯ ಕುಡಿ ಮತ್ತು ಎಲೆ–ಕಾಂಡ ಕೂಡುವ ಸಂದುಗಳನ್ನು ನೋಡಿ.

1. ಸಸ್ಯಹೇನು: ಹಸಿರು, ಹಳದಿ ಅಥವಾ ಕಪ್ಪು. ಅವರೆ, ಅಲಸಂದಿಯ ಕುಡಿಗಳಲ್ಲಿ ಗುಂಪಾಗಿರುತ್ತದೆ. ಹಿಂಭಾಗದಲ್ಲಿ ಎರಡು ಪುಟ್ಟ ಕೊಳವೆಗಳಿರುತ್ತವೆ. ಹೆಣ್ಣು ಹೇನು ಗಂಡಿನ ಸಹಾಯವಿಲ್ಲದೆಯೇ ಮರಿ ಹಾಕಬಲ್ಲದು. ಆ ಮರಿ ಸುಮಾರು ಒಂದು ವಾರ, ಹತ್ತು ದಿನದಲ್ಲಿ ತಾನೂ ಮರಿ ಹಾಕಲು ತೊಡಗುತ್ತದೆ.

2. ಹಿಟ್ಟು ತಿಗಣೆ: ಮೈಮೇಲೆ ಬಿಳಿ ಹಿಟ್ಟು ಸವರಿದಂತೆ ಇರುತ್ತದೆ. ದಾಸವಾಳ, ಪಪ್ಪಾಯಿ, ದಾಳಿಂಬೆ, ದ್ರಾಕ್ಷಿಗಳಲ್ಲಿ ಕಾಣುತ್ತದೆ. ಕುಡಿ ಮುದುಡುತ್ತದೆ.

3. ಶಲ್ಕ ಕೀಟ: ಅಲ್ಲಾಡದ ಚುಕ್ಕೆ. ಉಗುರಿನಿಂದ ಕೆರೆದರೆ ಎದ್ದು ಬರುತ್ತದೆ. ನಿಂಬೆ, ಪೇರಲ ಗಿಡಗಳಲ್ಲಿ ಹುಡುಕಿ.

4. ಬಿಳಿನೊಣ: ಗಿಡ ಅಲ್ಲಾಡಿಸಿದರೆ ಬಿಳಿ ಪುಡಿ ಹಾರಿದಂತೆ ಏಳುತ್ತದೆ. ಬದನೆ, ಟೊಮೆಟೊ ಎಲೆಯ ಅಡಿಯಲ್ಲಿ ಇರುತ್ತದೆ.

5. ಮಿತ್ರರು: ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳು ನಿಮಗೆ ಗೊತ್ತು. ಅದರ ಮರಿ ನೋಡಲು ಪುಟ್ಟ ಮೊಸಳೆಯಂತೆ ಇರುತ್ತದೆ. ತಾಯಿಗಿಂತ ಬೇರೆಯಾಗಿ ಕಾಣುವುದರಿಂದ ಜನ ಇದನ್ನೇ ಶತ್ರುವೆಂದು ಕೊಲ್ಲುತ್ತಾರೆ.

ಇನ್ನೊಂದು ಮೋಜಿನ ಮಿತ್ರ ಇದೆ. ಕ್ರಿಪ್ಟೋಲೇಮಸ್ ಎಂಬ ಗುಲಗಂಜಿ ಹುಳುವನ್ನು ಕಾಫಿಯ ಹಸಿರು ಶಲ್ಕ ಕೀಟಕ್ಕಾಗಿ 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದಿದ್ದರು. ಅದು ಶಲ್ಕ ಕೀಟವನ್ನು ಅಷ್ಟಾಗಿ ತಿನ್ನಲಿಲ್ಲ, ಹಿಟ್ಟು ತಿಗಣೆಯನ್ನು ಮಾತ್ರ ಚೆನ್ನಾಗಿ ತಿನ್ನುತ್ತದೆ. ಇದರ ಮರಿ ಹಿಟ್ಟು ತಿಗಣೆಯಂತೆಯೇ ಬಿಳಿ ಎಳೆಗಳನ್ನು ಹೊದ್ದಿರುತ್ತದೆ! ಹುಲ್ಲುಕಡ್ಡಿಯಿಂದ ಮುಟ್ಟಿ ನೋಡಿ. ಹಿಟ್ಟು ತಿಗಣೆ ನಿಧಾನವಾಗಿ ತೆವಳುತ್ತದೆ, ಕ್ರಿಪ್ಟೋಲೇಮಸ್ ಮರಿ ಚುರುಕಾಗಿ ಓಡುತ್ತದೆ.

ಹತೋಟಿ ಹೇಗೆ?

ಮೊದಲು ಕೈಯಿಂದ ಆಗುವ ಕೆಲಸ. ಹುಳು ತುಂಬಿದ ಕುಡಿಯನ್ನು ಕತ್ತರಿಸಿ ಸಾಬೂನು ನೀರಿನಲ್ಲಿ ಮುಳುಗಿಸಿ. ಹೇನುಗಳನ್ನು ನೀರಿನ ರಭಸದಿಂದ ತೊಳೆದು ಕೆಡವಿ. ಇರುವೆಗಳು ಹತ್ತದಂತೆ ನೋಡಿಕೊಳ್ಳಿ. ಮಿತ್ರ ಕೀಟಗಳು ಇದ್ದರೆ ಒಂದು ವಾರ ಕಾದು ನೋಡಿ, ಅವೇ ಕೆಲಸ ಮಾಡುತ್ತವೆ.

ಇಷ್ಟಕ್ಕೂ ಕಡಿಮೆಯಾಗದಿದ್ದರೆ ಶಿಕ್ಷಕರ ಜೊತೆ ಬೇವಿನ ಬೀಜದ ಕಷಾಯ ಮಾಡಿ. 50 ಗ್ರಾಂ ಒಣ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಿಂಡಿ ಸೋಸಿ, ಚಿಟಿಕೆ ಸಾಬೂನಿನ ಪುಡಿ ಸೇರಿಸಿ. ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ನೋಡಿ, ಎಲೆ ಸುಡದಿದ್ದರೆ ಸಂಜೆಯ ವೇಳೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಆಮೇಲೆ ಕೈ ತೊಳೆಯಿರಿ. ಅಂಗಡಿಯ ಕೀಟನಾಶಕದ ಡಬ್ಬಿಯನ್ನು ಮಾತ್ರ ಎಂದೂ ಮುಟ್ಟಬೇಡಿ. ಕೈತೋಟದ ಬದನೆ, ಅವರೆ ನಿಮ್ಮದೇ ಬಿಸಿಯೂಟದ ಸಾಂಬಾರಿಗೆ ಬೀಳುತ್ತವೆ ಎಂಬುದು ನೆನಪಿರಲಿ.

ಮಾಡಿ ನೋಡಿ

ಹೇನು ಮತ್ತು ಇರುವೆ ಎರಡೂ ಇರುವ, ಒಂದೇ ಎತ್ತರದ ಎರಡು ಗಿಡಗಳನ್ನು ಆರಿಸಿ. ಒಂದು ಗಿಡದ ಕಾಂಡಕ್ಕೆ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಅಂಟು ಗ್ರೀಸ್ ಸವರಿ, ಮೊದಲೇ ಮೇಲೆ ಹತ್ತಿರುವ ಇರುವೆಗಳನ್ನು ಕೊಡವಿ ಬಿಡಿ. ಗಿಡದ ಕೊಂಬೆಗಳು ಬೇರೆ ಗಿಡಕ್ಕಾಗಲಿ ಗೋಡೆಗಾಗಲಿ ತಾಗದಿರಲಿ. ಇನ್ನೊಂದು ಗಿಡವನ್ನು ಹಾಗೆಯೇ ಬಿಡಿ. ಎರಡು ವಾರ, ದಿನಕ್ಕೊಮ್ಮೆ ಒಂದೇ ಹೊತ್ತಿಗೆ, ಎರಡೂ ಗಿಡಗಳ ಒಂದೊಂದು ಕುಡಿಯ ಮೇಲಿನ ಹೇನು, ಇರುವೆ, ಗುಲಗಂಜಿ ಹುಳುಗಳನ್ನು ಎಣಿಸಿ ಪಟ್ಟಿ ಮಾಡಿ. ಗುಲಗಂಜಿ ಹುಳು ಯಾವ ಗಿಡಕ್ಕೆ ಹೆಚ್ಚು ಬಂತು? ಹೇನು ಎಲ್ಲಿ ಬೇಗ ಕಡಿಮೆಯಾಯಿತು? ಪಟ್ಟಿಯಿಂದ ಸ್ತಂಭಾಲೇಖ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.